ಅಕ್ಕೋರ ಯಜಮಾನರು

ಅಕ್ಕೋರನ್ನು ಮಣ್ಣು ಮಾಡಿ ಬಂದ ಮರುದಿನ ನಾನು ಕಾಯಿಪಲ್ಲೆ ತರಲು ಜೇವರ್ಗಿ ಬಜಾರಕ್ಕೆ ಹೋಗಿದ್ದೆ. ದುಃಖ ಎಷ್ಟೇ ಇರಲಿ, ಉಳಿದವರಿಗೆ ಪುಂಡಿಪಲ್ಲೆ ಬೇಕೇ ಬೇಕು. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ನನ್ನನ್ನು ಕಂಡವಳೇ ಸೆರಗು ಬಾಯಿಗೆ ಹಿಡಿದು, "ಹುಚ್ಚಕ್ಕೋರು ಹೋಗಿಬಿಟ್ರಂತಲ್ರೀ, ಪಾಪ!" ಅಂದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಮೆಂತ್ಯದ ಸಿವುಡು ತಿರುವಿ ನೋಡಿ, ಒಂದು ಹಣ್ಣೆಲೆ ಕಿತ್ತು ಒಗೆದು, ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಮಣ್ಣಿಗೆ ಅವ್ರ ಯಜಮಾನ್ರು ಬಂದಿದ್ರೇನ್ರಿ?"

ನಮ್ಮೂರಿನಲ್ಲಿ ಸಂತಾಪ ಒಂದು ಮಾತಿಗೆ ಮುಗಿಯುತ್ತದೆ. ಎರಡನೇ ಮಾತಿನಿಂದ ವಿಚಾರಣೆ ಶುರು.

ಬಂದಿರಲಿಲ್ಲ, ಯಾರೂ ಹೇಳಿ ಕಳಿಸಿರಲಿಲ್ಲ ಅಂದೆ. ಆಕೆಯ ಮುಖ ಸಪ್ಪಗಾಯಿತು. ಅಕ್ಕೋರು ಸತ್ತರು ಅಂದಾಗ ಅಷ್ಟು ಸಪ್ಪಗಾಗಿರಲಿಲ್ಲ.

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳು. ನಾನೂ ಅದೇ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಅಕ್ಕೋರೇ. ಆದರೆ ಜೇವರ್ಗಿಯಲ್ಲಿ ಬರೀ 'ಅಕ್ಕೋರು' ಅಂದರೆ ಅವರೊಬ್ಬರೇ, ಆಳಂದದಿಂದ ವರ್ಗವಾಗಿ ಬಂದ ಹಿಂದಿ ಅಕ್ಕೋರು. ಅವರಿಗೊಂದು ಹೆಸರಿತ್ತು, ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಯಾರೂ ಬಳಸಲಿಲ್ಲ. ನಾನೂ ಈಗ ಬಳಸುವುದಿಲ್ಲ.

ಬಂದಾಗ ನಲವತ್ತು ದಾಟಿದ್ದರು. ಎಣ್ಣೆ ಹಚ್ಚಿ ಬಿಗಿದ ಸಣ್ಣ ತುರುಬು, ಕೊರಳಲ್ಲಿ ಲಿಂಗದ ಕರಡಿಗೆ, ಹೆಗಲಿಗೆ ಗಂಡಸರು ಹಾಕಿಕೊಳ್ಳುವಂಥ ಚೀಲ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ನಾವು ಚಹಾ ತರಿಸಿದೆವು. ಅವರು ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, ಬಹಳ ವಿನಯದಿಂದ ಹೇಳಿದರು: "ಚಲೋ ಅದ್ರಿ. ಸಕ್ಕರಿ ನೀರಿಗೆ ಯಾರೋ ಚಹಾಪುಡಿ ತೋರಿಸ್ಯಾರ."

ಅಲ್ಲಿಂದ ಜೇವರ್ಗಿಯ ಬಗ್ಗೆ ಅವರ ಅಭಿಪ್ರಾಯಗಳು ಶುರುವಾದವು, ನಿಲ್ಲಲೇ ಇಲ್ಲ. ಇಲ್ಲಿಯ ನೀರು ಉಪ್ಪು, ಬ್ಯಾಳಿ ಬೇಯುವುದಿಲ್ಲ. ತೊಗರಿ ಕಣಜದ ನಡುವೆ ಕೂತು ಬೇಯದ ಬ್ಯಾಳಿ ಉಣ್ಣುವ ಮಂದಿ ನಾವು. ಇಲ್ಲಿಯ ಗಾಳಿಗೆ ಬೀಸಲು ಬರುವುದಿಲ್ಲ, ತೂರಲು ಮಾತ್ರ ಬರುತ್ತದೆ. ಸಂಜೆ ಕಸ ಹೊಡೆದರೆ ಬೆಳಿಗ್ಗೆ ಅದೇ ಧೂಳು ಮನೆಗೆ ವಾಪಸು ಹಾಜರು. ಹೈವೇ ಮೇಲೆ ಎಲ್ಲ ಊರಿಗೂ ಹೋಗುವ ಬಸ್ಸುಗಳು ಓಡಾಡುತ್ತವೆ, ಎಲ್ಲವೂ ತುಂಬಿಯೇ ಬರುತ್ತವೆ. "ಜೇವರ್ಗಿ ಮಂದಿಗೆ ಬ್ಯಾರೇರು ಹೋಗೂದು ನೋಡೂದ ಪ್ರವಾಸ" ಅನ್ನುತ್ತಿದ್ದರು. ಮತ್ತೆ ಎಲ್ಲಕ್ಕಿಂತ ದೊಡ್ಡ ತಕರಾರು ನಮ್ಮ ಪ್ರಶ್ನೆಗಳ ಮೇಲೆ.

"ಆಳಂದದಾಗೂ ಮಂದಿ ಬ್ಯಾರೇರ ಮನಿ ಸುದ್ದಿ ಕೇಳ್ತಾರ್ರಿ, ಇಲ್ಲಂತಲ್ಲ. ಆದ್ರ ಗೋಡಿಗೆ ಕಿವಿ ಹಚ್ಚಿ ಕೇಳ್ತಾರ. ಇಲ್ಲಿ ಬಾಗಿಲ ಬಡದು ಕೇಳ್ತಾರ. ಕದಿಯೂದಕ್ಕಾದ್ರೂ ಒಂದ್ ಮರ್ಯಾದಿ ಅದ."

ಇದು ಬಾಡಿಗೆ ಮನೆ ಹುಡುಕುವಾಗ ಅವರಿಗಾದ ಅನುಭವ. ಆ ವಾರ ನಾನೇ ಅವರ ಜೊತೆ ಓಣಿ ಓಣಿ ತಿರುಗಿದ್ದೆ. ಮೊದಲನೇ ಮನೆಯಾಕೆ ಬಚ್ಚಲು ತೋರಿಸುವ ಮೊದಲೇ, "ಯಜಮಾನ್ರು ಏನ್ ಮಾಡ್ತಾರ್ರಿ?" ಅಂದಳು. "ನನಗೊಬ್ಬಾಕಿಗೇ ಬೇಕ್ರಿ ಮನಿ" ಅಂದರು ಅಕ್ಕೋರು. ಆಕೆಗೆ ಒಮ್ಮೆಲೇ ನೆನಪಾಯಿತು, ಆ ಮನೆಗೆ ತನ್ನ ತಮ್ಮ ಬರುವವನಿದ್ದಾನೆ. ಎರಡನೇ ಮನೆಯವರಿಗೂ ಒಬ್ಬ ತಮ್ಮ ಇದ್ದ. ಮೂರನೇ ಮನೆಯ ಮುದುಕ ಮಾತ್ರ ನೇರ ಮನುಷ್ಯ. "ಒಬ್ಬಂಟಿ ಹೆಣ್ಮಗಳಿಗೆ ಕೊಡಂಗಿಲ್ರಿ, ನಮ್ಮದು ಸಂಸ್ಕಾರದ ಮನಿ" ಅಂದ. ಅದೇ ಮುದುಕನ ಮೇಲೆ ಅವನ ಸೊಸೆ ಠಾಣೆಯಲ್ಲಿ ದೂರು ಕೊಟ್ಟಿದ್ದು ಇಡೀ ಊರಿಗೇ ಗೊತ್ತಿತ್ತು. ಸಂಸ್ಕಾರದ ಮನೆ ಅಂದಮೇಲೆ ಇಂಥವೆಲ್ಲ ಇರತಕ್ಕವೇ.

ಕೊನೆಗೆ ಸಿಕ್ಕಿದ್ದು, ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಸಾಬರ ಹೆಂಗಸಿನ ಮನೆ. ಖಾಲಾನ ಗಂಡ ಬಸ್ ಡ್ರೈವರ್ ಆಗಿದ್ದು ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕೆಳಗೆ ತಾನಿದ್ದು ಮಾಳಿಗೆಯ ಮೇಲಿನ ಕೋಲಿ ಬಾಡಿಗೆಗೆ ಕೊಡುತ್ತಿದ್ದಳು. ಅಕ್ಕೋರನ್ನು ಮೇಲಿಂದ ಕೆಳಗೆ ನೋಡಿ ಆಕೆ ಹೇಳಿದ್ದು ಇಷ್ಟೇ: "ಅಕ್ಕೋರೆ, ಮದ್ಲೇ ಹೇಳ್ತೀನ್ರಿ. ಮ್ಯಾಲಿನ ಕೋಲಿ ಬ್ಯಾಸಗ್ಯಾಗ ತವಾ ಆಗ್ತದ. ರೊಟ್ಟಿ ನೆಲದ ಮ್ಯಾಲೇ ಸುಡಬಹುದು. ನಡೀತದಂದ್ರ ಬರ್ರಿ, ಇಲ್ಲಂದ್ರ ಚಾ ಕುಡ್ದು ಹೋಗ್ರಿ."

ಅಕ್ಕೋರು ಅಲ್ಲೇ ಚೀಲ ಕೆಳಗಿಟ್ಟರು. "ಈ ಊರಾಗ ಮನಿ ಕೇಳಿದ್ರ ಮನಿ ಬಗ್ಗೆ ಮಾತಾಡಿದಾಕಿ ಇಕಿ ಒಬ್ಬಾಕಿನ" ಅಂತ ನನಗೆ ಪಿಸುಗುಟ್ಟಿದರು. ಖಾಲಾ ಅವರನ್ನು ಯಜಮಾನರ ಬಗ್ಗೆ ಅವತ್ತು ಕೇಳಲಿಲ್ಲ, ಅಕ್ಕೋರು ಸಾಯುವವರೆಗೂ ಕೇಳಲಿಲ್ಲ. ಲಿಂಗಾಯತ ಅಕ್ಕೋರು ಸಾಬರ ಮನೆ ಸೇರಿದರು ಅಂತ ಊರು ಎರಡು ದಿನ ಬೇಸರಪಟ್ಟುಕೊಂಡಿತು. ಮನೆ ಕೊಡದ ಮೂವರೂ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟುಕೊಂಡರು.

ಮನೆ ಸಿಕ್ಕರೂ ಪ್ರಶ್ನೆ ನಿಲ್ಲಲಿಲ್ಲ. ಆಗ ಅಕ್ಕೋರು ಒಂದು ಉಪಾಯ ಮಾಡಿದರು. ಕೇಳಿದವರಿಗೆಲ್ಲ ಗಂಡನನ್ನು ಕೊಡತೊಡಗಿದರು.

ಕಿರಾಣಿ ಅಂಗಡಿಯವನು ಕೇಳಿದ. ಅವನಿಗೆ ಮಿಲ್ಟ್ರಿಯ ಗಂಡ ಸಿಕ್ಕ, ಗಡಿಯಲ್ಲಿರುತ್ತಾನೆ, ರಜೆ ಸಿಗುವುದಿಲ್ಲ. ಹೆಡ್‌ಮಾಸ್ತರರ ಹೆಂಡತಿ ಕೇಳಿದಳು. ಆಕೆಗೆ ಸತ್ತ ಗಂಡ. ಝೆರಾಕ್ಸ್ ಅಂಗಡಿಯವನಿಗೆ ಸನ್ಯಾಸ ತೆಗೆದುಕೊಂಡು ಶ್ರೀಶೈಲದ ಕಡೆ ಹೋದ ಗಂಡ. ನಾನು ಗಾಬರಿಯಾಗಿ, "ಇದೇನ್ರಿ ಅಕ್ಕೋರೆ, ಒಬ್ಬೊಬ್ಬರಿಗೆ ಒಂದೊಂದು?" ಅಂದೆ.

"ಮುಖಾ ನೋಡಿ ಕೊಡ್ತೇನ್ರಿ. ಹೆಡ್‌ಮಾಸ್ತರ ಹೆಂಡ್ತಿ ಮಾರಿ ನೋಡಿದ್ರಿಲ್ಲ? ಅಕಿಗೆ ಸತ್ತಾಂವನ ಬೇಕಾಗಿದ್ದ. ಬ್ಯಾರೆ ಕೊಟ್ಟಿದ್ರ ಅಕಿಗೆ ಸಮಾಧಾನ ಆಗ್ತಿದ್ದಿಲ್ಲ."

ಮಿಲ್ಟ್ರಿ ಗಂಡನಿಂದ ಸ್ವಲ್ಪ ತಕಲೀಫಾಯಿತು. ಕಿರಾಣಿಯವನು ಒಂದು ದಿನ ಬೆಲ್ಲ ಕಟ್ಟಿಕೊಡುತ್ತ, ಸಾಹೇಬರು ರಜೆಗೆ ಬಂದಾಗ ಮಿಲ್ಟ್ರಿ ಕ್ಯಾಂಟೀನಿನಿಂದ ಒಂದು ಬಾಟ್ಲಿ ತರಬಹುದೇ ಅಂತ ನಾಚುತ್ತ ಕೇಳಿದ. ಅಕ್ಕೋರು ಗಂಭೀರವಾಗಿ, "ತರ್ತಿದ್ರು. ಈಗ ಅವ್ರು ಪ್ರವಚನ ಕೇಳಾಕತ್ತಾರ, ಅದನ್ನ ಮುಟ್ಟಂಗಿಲ್ಲ" ಅಂದರು. ಆಮೇಲೆ ಆ ಅಂಗಡಿಯಲ್ಲಿ ತೂಕ ಕಡಿಮೆ ಬೀಳತೊಡಗಿತು.

ಅವರ ಹವ್ಯಾಸಗಳೂ ಊರಿಗೆ ಕಿರಿಕಿರಿಯೇ. ಒಂದು, ಸಂಜೆ ಹೈವೇವರೆಗೆ ನಡೆದುಹೋಗಿ ಲಾರಿಗಳ ಹಿಂದೆ ಬರೆದದ್ದನ್ನು ಓದುವುದು. ಉತ್ತರದ ಲಾರಿಗಳ ಹಿಂದೆ ಹಿಂದಿ ಶಾಯರಿ ಇರುತ್ತಿತ್ತು. ಹಿಂದಿ ಸಾಹಿತ್ಯ ಜೇವರ್ಗಿಗೆ ಬರುವುದು ಇದೊಂದೇ ದಾರಿಯಿಂದ ಅನ್ನುತ್ತಿದ್ದರು. ಧಾಬಾದ ಮುಂದೆ ನಿಂತ ಲಾರಿಯೊಂದರ ಡ್ರೈವರನನ್ನು ಕರೆದು, 'ಮುಹಬ್ಬತ್' ಬರೆದದ್ದರಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಆ ಸರ್ದಾರಜಿ ಕೈಮುಗಿದು, ತನ್ನದೂ ಅಲ್ಲಿಯೇ ತಪ್ಪಿದ್ದು ಅಂದ.

ಇನ್ನೊಂದು ಕ್ಯಾರಮ್. ಅಣ್ಣತಮ್ಮಂದಿರ ನಡುವೆ ಬೆಳೆದ ಅವರಿಗೆ ಕ್ಯಾರಮ್ ಅಂದರೆ ಪ್ರಾಣ. ಬಜಾರದಲ್ಲಿ ಟೈರ್ ಅಂಗಡಿಯ ಮೇಲೆ ಒಂದು ಕ್ಯಾರಮ್ ಕ್ಲಬ್ಬಿತ್ತು. ಅಕ್ಕೋರು ಒಂದು ಭಾನುವಾರ ಮೆಟ್ಟಿಲು ಹತ್ತಿ ಹೋಗಿ ಬಾಗಿಲಲ್ಲಿ ನಿಂತರು. ಒಳಗಿದ್ದ ಗಂಡಸರೆಲ್ಲ, ಮನೆಯಿಂದ ಹೆಂಡತಿಯೇ ಬಂದಳೋ ಅನ್ನುವಂತೆ ಎದ್ದು ನಿಂತರಂತೆ.

"ನಾ ಒಂದ್ ಆಟಾ ಆಡಬಹುದೇನ್ರಿ?"

"ಅಕ್ಕೋರೆ, ಇಲ್ಲಿ ಸಿಗರೇಟ್ ಸೇದ್ತಾರ್ರಿ" ಅಂದ ಕ್ಲಬ್ಬಿನವನು.

"ಸೇದ್ಲಿ ಬಿಡ್ರಿ. ನಾ ಸೇದಂಗಿಲ್ಲ, ಅದಕ್ಕೇನ್ ಅವ್ರು ಬ್ಯಾಸರ ಮಾಡ್ಕೊಳ್ಳಂಗಿಲ್ಲಲ್ಲ?"

ಆಡಲು ಬಿಡಲಿಲ್ಲ. ಮುಂದಿನ ರಜೆಯಲ್ಲಿ ಸೋಲಾಪುರಕ್ಕೆ ಹೋಗಿ ದೊಡ್ಡ ಬೋರ್ಡನ್ನೇ ತಂದರು. ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ, ತಾವು ಆಳಂದದವರೆಗೆ ನಿಂತು ಬಂದರಂತೆ. ಖಾಲಾನ ಮಾಳಿಗೆಯ ಮೇಲೆ ಭಾನುವಾರ ಮಧ್ಯಾಹ್ನ ಆಟ ಶುರುವಾಯಿತು. ಖಾಲಾ ಕಲಿತಳು, ನಾನು ಕಲಿತೆ, ಓಣಿಯ ಮತ್ತಿಬ್ಬರು ಬಂದರು. ಬೋರ್ಡಿಗೆ ಹಾಕುವ ಪುಡಿ ಮುಗಿದಾಗ ಖಾಲಾ ಮುಖದ ಪೌಡರನ್ನೇ ಸುರಿಯುತ್ತಿದ್ದಳು. ಜೇವರ್ಗಿಯಲ್ಲಿ ಅಷ್ಟು ಘಮಘಮಿಸುವ ಆಟ ಇನ್ನೊಂದಿರಲಿಲ್ಲ. ಮನೆಯಲ್ಲಿ ನಾವು ವಚನ ಓದಲು ಹೋಗುತ್ತೇವೆ ಅಂತ ಹೇಳುತ್ತಿದ್ದೆವು. ಖಾಲಾನ ಮಾಳಿಗೆಯ ಮೇಲೆ ಯಾರ ವಚನ ಅಂತ ನಮ್ಮ ಗಂಡಂದಿರು ಕೇಳಲಿಲ್ಲ. ಅವರೂ ಟೈರ್ ಅಂಗಡಿಯ ಮೇಲೆ ಹೋಗುವ ಅವಸರದಲ್ಲಿರುತ್ತಿದ್ದರು.

ಹೀಗೆ ವರ್ಷಗಳು ಹೋದವು. ಆಮೇಲೊಂದು ಶ್ರಾವಣದಲ್ಲಿ ಅಕ್ಕೋರ ಗಂಡಂದಿರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು.

ಹೆಡ್‌ಮಾಸ್ತರರ ಮನೆಯಲ್ಲಿ ಉಡಿ ತುಂಬುವ ಕಾರ್ಯಕ್ರಮ. ಸಾಲಿಯ ಅಕ್ಕೋರನ್ನೆಲ್ಲ, ಓಣಿಯ ಮುತ್ತೈದೆಯರನ್ನೆಲ್ಲ ಕರೆದಿದ್ದರು. ಕಿರಾಣಿಯವನ ಹೆಂಡತಿ ಕುಂಕುಮದ ತಟ್ಟೆ ಹಿಡಿದು ಅಕ್ಕೋರ ಮುಂದೆ ಬಂದಳು. ಹೆಡ್‌ಮಾಸ್ತರರ ಹೆಂಡತಿ ಗಪ್ಪನೆ ಕೈ ಹಿಡಿದು, "ಅವ್ರಿಗೆ ಬ್ಯಾಡ್ರಿ" ಅಂದಳು.

"ಯಾಕ್ರಿ ಬ್ಯಾಡ?"

"ಅವ್ರ ಯಜಮಾನ್ರು ಹೋಗ್ಯಾರಲ್ರಿ."

"ಹೋಗ್ಯಾರ ಅಂದ್ರ? ಮೊನ್ನೆ ಬಾರ್ಡರಿನ್ಯಾಗ ಇದ್ರಲ್ರೀ!" ಕಿರಾಣಿಯವನ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡೇಬಿಟ್ಟಳು. "ಯಾವಾಗ್ರೀ? ಗುಂಡು ಬಿತ್ತೇನ್ರೀ?"

ಎಲ್ಲರೂ ಅಕ್ಕೋರ ಕಡೆ ನೋಡಿದರು. ಸುಮ್ಮನೆ ತಲೆ ತಗ್ಗಿಸಿದ್ದರೆ ಮುಗಿಯುತ್ತಿತ್ತು. ಅಕ್ಕೋರು ತಾವೇ ತಟ್ಟೆಗೆ ಬೆರಳದ್ದಿ ಹಣೆಗೆ ಕುಂಕುಮ ಇಟ್ಟುಕೊಂಡು, "ಅಳಬ್ಯಾಡ್ರಿ ತಂಗಿ. ಸತ್ತಾಂವ ಬ್ಯಾರೆ, ಮಿಲ್ಟ್ರಿಯಾಂವ ಬ್ಯಾರೆ" ಅಂದರು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಹಿಂದಿ ಅಕ್ಕೋರಿಗೆ ಇಬ್ಬರು ಗಂಡಂದಿರು. ಝೆರಾಕ್ಸ್ ಅಂಗಡಿಯವನು ಮೂರನೆಯವನನ್ನೂ ಸೇರಿಸಿದ. ವಾರದಲ್ಲಿ ಶಾಲಾ ಸಮಿತಿ ಸಭೆ ಕರೆಯಿತು. ನಮ್ಮ ಶಾಲೆಯ ಮಾಳಿಗೆ ಮೂರು ಮಳೆಗಾಲ ಸೋರಿದ್ದಕ್ಕೆ ಆ ಸಮಿತಿ ಒಮ್ಮೆಯೂ ಕೂಡಿರಲಿಲ್ಲ. ಹೆಣ್ಣುಹುಡುಗಿಯರಿಗೆ ಇಂಥವರು ಪಾಠ ಹೇಳುವುದು ಬೇಡ, ಮೇಲಿನವರಿಗೆ ಬರೆದು ಎತ್ತಂಗಡಿ ಮಾಡಿಸೋಣ ಅನ್ನುವ ಮಾತು ಆಗಲೇ ಹಬ್ಬಿತ್ತು. ಅಕ್ಕೋರು ಮೇಲೆ ನಗುತ್ತಿದ್ದರೂ ಆ ವಾರ ಕ್ಯಾರಮ್ ಬೋರ್ಡು ಗೋಡೆಗೆ ಒರಗಿಯೇ ಇತ್ತು. ಖಾಲಾ ಎರಡು ಸಲ ಸ್ಟ್ರೈಕರ್ ತಂದು ಮುಂದಿಟ್ಟಳಂತೆ, ಮುಟ್ಟಲಿಲ್ಲವಂತೆ.

ಸಮಿತಿಯ ಅಧ್ಯಕ್ಷರು ತೊಗರಿ ವ್ಯಾಪಾರಿ. ಒಳ್ಳೆಯ ಮನುಷ್ಯರು, ಒಳ್ಳೆಯತನಕ್ಕೆ ಖರ್ಚಿಲ್ಲದ ಕಡೆ ಬಹಳ ಒಳ್ಳೆಯವರು. "ಅಕ್ಕೋರೆ, ನಮಗೇನ್ ತಕರಾರಿಲ್ರಿ. ಇದ್ದದ್ದು ಇದ್ದಂಗ ಒಂದ್ ಮಾತ ಹೇಳಿಬಿಡ್ರಿ. ಯಜಮಾನ್ರು ಇದ್ದಾರೋ ಇಲ್ಲೋ?" ಅಂದರು. ನಾವು ಅಕ್ಕೋರೆಲ್ಲ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು.

"ಇದ್ದಾರ್ರಿ" ಅಂದರು ಅಕ್ಕೋರು. "ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಾಗ ಹೊಲಾ ಮಾಡ್ಕೊಂಡು, ಬ್ಯಾರೆ ಮದಿವಿ ಆಗಿ, ಆರಾಮ ಇದ್ದಾರ. ನನಗ ಅಲ್ಲಿ ಸೇರಲಿಲ್ಲ, ಬಿಟ್ಟು ಬಂದೆ. ಸೋಡಚೀಟಿ ಆಗಿ ಭಾಳ ವರ್ಷ ಆತು."

"ಸೇರಲಿಲ್ಲ ಅಂದ್ರ?"

"ಸೇರಲಿಲ್ಲ ಅಂದ್ರ ಸೇರಲಿಲ್ರಿ."

"ಕುಡೀತಿದ್ರೇನು?"

"ಇಲ್ರಿ."

"ಹೊಡಿಯೂದು ಬಡಿಯೂದು?"

"ಕೈ ಸುದ್ದಾ ಎತ್ತಿಲ್ಲ."

"ಬ್ಯಾರೆ ಹೆಂಗಸಿನ ಸವಾಸ?" ಅಧ್ಯಕ್ಷರ ದನಿಯಲ್ಲಿ ಆಸೆಯಿತ್ತು.

"ಆಗ ಇದ್ದಿಲ್ರಿ. ಈಗ ಹೆಂಡ್ತಿ ಇದ್ದಾಳ."

"ಹಂಗಾದ್ರ ಅತ್ತಿ ಕಾಟ ಇರಬೇಕು ಬಿಡ್ರಿ."

"ಅತ್ತಿಗೆ ಪಾಪ ಒಂದ್ ಹಲ್ಲಿದ್ದಿಲ್ಲ. ಬೈದ್ರೂ ನನಗ ತಿಳೀತಿದ್ದಿಲ್ಲ."

ಅಧ್ಯಕ್ಷರು ಹೆಡ್‌ಮಾಸ್ತರರ ಮುಖ ನೋಡಿದರು, ಹೆಡ್‌ಮಾಸ್ತರರು ಛಾವಣಿ ನೋಡಿದರು. ಅಕ್ಕೋರು ಅಷ್ಟು ವರ್ಷ ಹೇಳಿದ ಸುಳ್ಳನ್ನೆಲ್ಲ ಊರು ಹಾಲು ಕುಡಿದಷ್ಟು ಸಲೀಸಾಗಿ ನಂಬಿತ್ತು. ಖರೇ ಹೇಳಿದಾಗ ಒಬ್ಬರೂ ನಂಬಲಿಲ್ಲ.

ಆದರೆ ನಮ್ಮೂರಿನ ಮಂದಿ ಕರುಣಾಳುಗಳು, ಬರಿಗೈಯಲ್ಲಿ ಯಾರನ್ನೂ ಕಳಿಸುವುದಿಲ್ಲ. ಸಭೆ ಮುಗಿದು ಎರಡು ದಿನದೊಳಗೆ ಅಕ್ಕೋರಿಗೆ ತಾವೇ ಒಬ್ಬ ಗಂಡನನ್ನು ಮಾಡಿಕೊಟ್ಟರು. ದಿನಾ ಕುಡಿದು ಬರುತ್ತಿದ್ದ, ಬಾರುಕೋಲಿನಿಂದ ಹೊಡೆಯುತ್ತಿದ್ದ, ಬೆನ್ನ ಮೇಲೆ ಇನ್ನೂ ಗುರುತು ಇದೆಯಂತೆ. ಹೆಡ್‌ಮಾಸ್ತರರ ಹೆಂಡತಿ ಆ ಗುರುತನ್ನು ಕಣ್ಣಾರೆ ನೋಡಿದ್ದಳು. ಎತ್ತಂಗಡಿಯ ಮಾತು ಅಲ್ಲಿಗೇ ನಿಂತಿತು. ಮನೆ ಕೊಡದ ಸಂಸ್ಕಾರದ ಮುದುಕ ಬೆಲ್ಲ ಹಾಕಿದ ಸಿಹಿ ಸಜ್ಜಕ ಕಳಿಸಿದ. ಕಿರಾಣಿ ಅಂಗಡಿಯಲ್ಲಿ ತೂಕ ಸರಿಯಾಯಿತು.

ಯಾರಾದರೂ ಆಗಿದ್ದರೆ ಸಜ್ಜಕ ತಿಂದು ಸುಮ್ಮನಿರುತ್ತಿದ್ದರು. ಅಕ್ಕೋರು ಉರಿದೆದ್ದರು. "ಪಾಪ, ಇರಿವಿ ತುಳಿಯಾಕ ಹೆದರೋ ಮನಿಷಾ ಆಂವ! ಈ ಊರು ಆತಗ ಶೆರೆ ಕುಡಿಸಿಬಿಡ್ತಲ್ರಿ!" ಅಂತ ನನ್ನ ಮುಂದೆ ಕೂಗಾಡಿದರು. ಆಮೇಲೆ ಜೇವರ್ಗಿಯ ಮನೆ ಮನೆಗೆ ಹೋಗಿ, ತಾವೇ ಬಿಟ್ಟುಬಂದ ಗಂಡನ ಮರ್ಯಾದೆ ಕಾಯುವ ಕೆಲಸಕ್ಕೆ ಹತ್ತಿದರು. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ನನ್ನ ಪುಸ್ತಕದ ಪೆಟ್ಟಿಗೆ ತಾವೇ ಹೊತ್ತು ತಂದಿದ್ದರು ಅಂತ ಎಲ್ಲರಿಗೂ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. "ನೋಡ್ರಿ, ಅಷ್ಟು ಹೊಡಸ್ಕೊಂಡ್ರೂ ಗಂಡನ್ನ ಬಿಟ್ಟುಕೊಡವಲ್ರು. ಪತಿವ್ರತಾ ಅಂದ್ರ ಹಿಂಗಿರಬೇಕು!" ಅಂದರು. ಅಕ್ಕೋರು ಎಷ್ಟು ಹೊಗಳಿದರೋ ಆ ಮನುಷ್ಯ ಅಷ್ಟು ದೊಡ್ಡ ರಾಕ್ಷಸನಾದ.

ಆ ರಾಕ್ಷಸ ಒಂದು ದಿನ ಜೇವರ್ಗಿಗೆ ಬಂದ.

ನಾವು ಮಾಳಿಗೆಯ ಮೇಲೆ ಆಡುತ್ತಿದ್ದೆವು. ಖಾಲಾ ಕೆಳಗಿನಿಂದ, "ಅಕ್ಕೋರೆ, ಯಾರೋ ಬಂದಾರ್ರಿ" ಅಂದಳು. ಬಿಳಿ ಅಂಗಿ, ಧೋತರ, ತಲೆಗೆ ಟೋಪಿ, ಹಣೆಯಲ್ಲಿ ಭಸ್ಮದ ಗೆರೆ. ಕೂದಲು ನರೆತ ಸಣ್ಣ ದೇಹದ ಮನುಷ್ಯ. ಚಪ್ಪಲಿಯನ್ನು ಹೊಸ್ತಿಲ ಹೊರಗೆ ಸಾಲಾಗಿ ಬಿಟ್ಟು, ಕೈಯಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದರು. ಅಕ್ಕೋರು ಮೆಟ್ಟಿಲ ನಡುವೆಯೇ ನಿಂತುಬಿಟ್ಟರು. ಸೀರೆಗೆ ಬಿದ್ದ ಪೌಡರು ಕೊಡವಿಕೊಂಡರು. "ಬರ್ರಿ, ಕುಂದರ್ರಿ" ಅಂದರು.

ಅವರು ಕೂತರು. ಬಹಳ ಹೊತ್ತು ಟೋಪಿ ಕೈಯಲ್ಲಿ ತಿರುಗಿಸಿದರು. ಆಮೇಲೆ ನೆಲ ನೋಡುತ್ತ ಹೇಳಿದರು: "ನನ್ನ ಮಗಳ ಮದಿವಿ ಅತನೂರಾಗ ಗೊತ್ತಾಗಿತ್ರಿ. ಹುಡುಗಗ ಹುಡುಗಿ ಮನಸಿಗೆ ಬಂದಾಳ. ಈಗ ಅವ್ರು ಬ್ಯಾಡ ಅಂತಾರ. ಮದಲನೇ ಹೆಂಡ್ತಿನ್ನ ಹೊಡದು ಓಡಿಸಿದ ಕುಡುಕನ ಮನಿ ಹೆಣ್ಣು ನಮಗ ಬ್ಯಾಡ ಅಂದಾರ. ಜೇವರ್ಗಿ ಕಡಿಂದ ಸುದ್ದಿ ಬಂದದಂತ." ಟೋಪಿ ಮೊಣಕಾಲ ಮೇಲಿಟ್ಟು, "ನಾ ಹಂಗ ಮಾಡಿದ್ದು ನನಗ ನೆಪ್ಪಿಲ್ರಿ" ಅಂದರು. ಊರೆಲ್ಲ ಅನ್ನುತ್ತಿರುವಾಗ ತಮಗೇ ಎಲ್ಲೋ ಮರೆತಿರಬಹುದು ಅನ್ನುವ ಅನುಮಾನ ಅವರಿಗೆ ಬಂದಂತಿತ್ತು.

ಅಕ್ಕೋರು ಅವರು ತಂದ ಬಾಳೆಹಣ್ಣನ್ನು ಎತ್ತಿ ಖಾಲಾನ ಕೈಗೆ ಕೊಟ್ಟರು. "ನಾಳೆ ಅತನೂರಿಗೆ ನಾ ಬರ್ತೇನಿ" ಅಂದರು ಕೊನೆಗೆ.

ನಾನೂ ಖಾಲಾನೂ ಜೊತೆಗೆ ಹೋದೆವು. ಅತನೂರು ಅಫಜಲಪುರ ತಾಲೂಕು. ಕಲಬುರಗಿಗೆ ಹೋಗಿ ಬಸ್ಸು ಬದಲಿಸಿ ತಲುಪಿದಾಗ ಬಿಸಿಲೇರಿತ್ತು. ಕಿಣ್ಣಿ ಸುಲ್ತಾನದವರು ತಮ್ಮ ಹಳೇ ಬೈಕಿನ ಮೇಲೆ ಮೊದಲೇ ಬಂದು ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು. ಒಳಗೆ ಬರಲು ಹೊರಟವರನ್ನು ಅಕ್ಕೋರು ತಡೆದರು. "ನೀವು ಇಲ್ಲೇ ಇರ್ರಿ. ನಿಮ್ಮ ಎದುರ ನಿಮ್ಮನ್ನ ಹೊಗಳಾಕ ನನಗ ಆಗಂಗಿಲ್ಲ."

ವರನ ತಾಯಿ ಗಟ್ಟಿ ಹೆಂಗಸು. ಮನೆಯ ಮಾತು ಆಕೆಯದೇ ಅನ್ನುವುದು ಗಂಡಸರೆಲ್ಲ ಪಡಸಾಲೆಯ ಅಂಚಿಗೆ ಕೂತದ್ದರಿಂದಲೇ ತಿಳಿಯುತ್ತಿತ್ತು. ಚುರುಮುರಿಯ ಸುಸಲಾ ಕೊಟ್ಟಳು, ಚಹಾ ಕೊಟ್ಟಳು, ಆಮೇಲೆ, "ಈಗ ಹೇಳವ್ವಾ. ನೀ ಯಾರು?" ಅಂದಳು.

"ಕಿಣ್ಣಿ ಸುಲ್ತಾನದವರ ಮದಲನೇ ಹೆಂಡ್ತಿ. ಅವ್ರು ಕುಡಿದವ್ರಲ್ಲ, ನನಗ ಹೊಡದವ್ರಲ್ಲ. ನಾನ ಬಿಟ್ಟು ಬಂದೇನಿ. ಅದನ್ನ ಹೇಳಾಕ ಬಂದೆ."

"ಹೇಳಿಕೊಟ್ಟು ಕಳಿಸ್ಯಾರ ನಿನಗ."

"ಹೇಳಿಕೊಟ್ಟಿದ್ರ ಇದಕ್ಕಿಂತ ಚಲೋ ಕತಿ ಹೇಳ್ತಿದ್ದೆ ಅವ್ವಾ. ಸುಳ್ಳ ಹೇಳೂದ್ರಾಗ ನನ್ನ ಕೈ ಹಿಡಿಯೋರಿಲ್ಲ, ಜೇವರ್ಗಿ ಮಂದಿನ್ನ ಕೇಳ್ರಿ."

ಖಾಲಾ ನನ್ನ ಬದಿಯಲ್ಲಿ, "ಯಾ ಅಲ್ಲಾ" ಅಂದಳು.

"ಆಂವ ಅಷ್ಟ ಒಳ್ಳ್ಯಾಂವ ಇದ್ರ ನೀ ಯಾಕ ಬಿಟ್ಟಿ?" ವರನ ತಾಯಿ ಬಿಡುವವಳಲ್ಲ.

ಅಕ್ಕೋರು ಚಹಾ ಬಟ್ಟಲು ಕೆಳಗಿಟ್ಟರು. "ಅವ್ವಾ, ಮದಿವಿಗಿಂತ ಮದ್ಲ ನಮ್ಮಪ್ಪ ನನ್ನ ಕೇಳಲಿಲ್ಲ. ನಮ್ಮವ್ವ ಕೇಳಲಿಲ್ಲ. ಅಕ್ಕಿಕಾಳು ಹಾಕಾಕ ಬಂದ ಮಂದಿ ಒಬ್ರೂ ಕೇಳಲಿಲ್ಲ. ಮದಿವ್ಯಾಗಿ ಒಂದಿನ ನಾ ಬಾವಿ ಕಟ್ಟಿ ಮ್ಯಾಲ ಸುಮ್ನ ಕುಂತಿದ್ದೆ. ಇವ್ರು ಹೊಲದಿಂದ ಬಂದವ್ರು ಕೇಳಿದ್ರು, ನಿನ್ನ ಮನಸಿನ್ಯಾಗ ಏನದ ಅಂತ. ನನಗ ಓದಬೇಕಾಗ್ಯದ, ಇಲ್ಲಿ ಸೇರವಲ್ದು ಅಂದೆ. ಎರಡು ದಿನಾ ಸರಿಯಾಗಿ ಉಣಲಿಲ್ಲ ಅವ್ರು. ಆಮ್ಯಾಲ ಗಾಡಿ ಹೂಡಿ, ನನ್ನ ಪೆಟಿಗಿ ತಾವ ಹೇರಿ, ಆಳಂದಕ್ಕ ತಂದು ಬಿಟ್ರು. ನಮ್ಮಪ್ಪಗ, ಅಕಿದೇನ್ ತಪ್ಪಿಲ್ಲ, ಅಕಿಗೆ ಬೈಬ್ಯಾಡ್ರಿ ಅಂದ್ರು. ನಮ್ಮಪ್ಪ ಬಾಯಿಗೆ ಬಂದಂಗ ಇವ್ರಿಗೇ ಬೈದ. ಬೈಸ್ಕೊಂಡು ಗಾಡಿ ತಿರುವಿಕೊಂಡು ಹೋದ್ರು. ಅಂಥಾ ಮನಿಷಾನ ಮಗಳನ್ನ ನೀವು ಬ್ಯಾಡ ಅನ್ನಾಕತ್ತೀರಿ."

ವರನ ತಾಯಿ ಬಾಗಿಲಾಚೆ ಬೇವಿನ ಗಿಡದ ಕೆಳಗೆ ನಿಂತ ಸಣ್ಣ ಮನುಷ್ಯನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಕೋರ ಕಡೆ ತಿರುಗಿದಳು.

"ಇಂಥಾ ಗಂಡನ್ನ ಬಿಟ್ಟು ಬಂದಿ ಅಂದ್ರ ನಿನಗ ಹುಚ್ಚ ಹಿಡಿದಿತ್ತೇನ ತಂಗಿ?"

"ಹೌದ್ರಿ ಅವ್ವಾ" ಅಂದರು ಅಕ್ಕೋರು. "ಹಂಗ ತಿಳ್ಕೋರಿ."

ತಕ್ಷಣ ಎಲ್ಲ ಬಗೆಹರಿಯಿತು. ಮೊದಲನೇ ಹೆಂಡತಿ ಹುಚ್ಚಿ ಅಂದಮೇಲೆ ಗಂಡನ ಮೇಲೆ ಯಾವ ದೋಷವೂ ಉಳಿಯುವುದಿಲ್ಲ. ಮನೆಯವರೆಲ್ಲರಿಗೂ ನಿರಾಳವಾಯಿತು, ಗಂಡಸರು ಪಡಸಾಲೆಯ ಅಂಚಿನಿಂದ ನಡುವಿಗೆ ಬಂದರು. ಹೊರಗಿದ್ದವರನ್ನು ಒಳಗೆ ಕರೆದು ಸುಸಲಾ ಕೊಟ್ಟರು. ನಮಗೆ ಇನ್ನೊಮ್ಮೆ ಕೊಡಲಿಲ್ಲ. ಆ ಮದುವೆ ಆಯಿತು. ಅಕ್ಕೋರಿಗೆ ಕರೆ ಬರಲಿಲ್ಲ, ಬರುತ್ತದೆ ಅಂತ ಅವರೂ ತಿಳಿದಿರಲಿಲ್ಲ. ಅವರು ಹುಚ್ಚಿ ಅನ್ನುವ ಸುದ್ದಿ ಮಾತ್ರ ನಾವು ಊರು ಮುಟ್ಟಿದ ನಾಲ್ಕೇ ದಿನಕ್ಕೆ ಜೇವರ್ಗಿಗೆ ಬಂತು. ಕಿರಾಣಿಯವನ ತೂಕ ಮತ್ತೆ ಕಡಿಮೆಯಾಯಿತು. "ಬಿಡ್ರಿ" ಅಂದರು ಅಕ್ಕೋರು. "ಹುಚ್ಚಿಗೆ ಯಾರೂ ಪ್ರಶ್ನೆ ಕೇಳಂಗಿಲ್ಲ. ಇಷ್ಟ ಸುಖದ ಗಂಡ ನನಗ ಇಲ್ಲಿತನಕ ಸಿಕ್ಕಿದ್ದಿಲ್ಲ." ನಿವೃತ್ತಿಯಾದ ಮೇಲೂ ಅವರು ಆಳಂದಕ್ಕೆ ಹೋಗಲಿಲ್ಲ. ಖಾಲಾನ ಮೇಲಿನ ಕೋಲಿಯಲ್ಲೇ ಇದ್ದರು, ಅಲ್ಲೇ ಹೋದರು.

ಅತನೂರಿನಿಂದ ಮರಳುವಾಗ ಟಂಟಂ ಆಟೋ ನಮ್ಮನ್ನು ಚೌಡಾಪುರದ ಕ್ರಾಸಿನಲ್ಲಿ ಇಳಿಸಿತ್ತು. ಗಾಣಗಾಪುರಕ್ಕೆ ಹೋಗುವ ಭಕ್ತರ ಗದ್ದಲ. ನಾವು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಕಿಣ್ಣಿ ಸುಲ್ತಾನದವರ ಬೈಕು ಬಂತು. ಹೋಟೆಲಿನ ಬೆಂಚಿನ ಮೇಲೆ ನಮ್ಮ ಮೂವರಿಗೂ ಚಹಾ ಹೇಳಿ, ತಾವು ಎದುರಿನ ಬೆಂಚಿನಲ್ಲಿ ಕೂತರು. ಚಹಾ ಬಂದ ಮೇಲೆ ಕೇಳಿದರು: "ಜೇವರ್ಗಿ ಹ್ಯಾಂಗದ್ರಿ ಊರು?"

ಅಕ್ಕೋರಿಗೆ ಅಷ್ಟು ಸಾಕಾಯಿತು. ಅಯ್ಯೋ, ಅದೂ ಒಂದು ಊರೇನ್ರಿ ಅಂತ ಶುರು ಮಾಡಿದರು. ನೀರು ಉಪ್ಪು, ಗಾಳಿಯಲ್ಲಿ ಮಣ್ಣು, ಕಿರಾಣಿಯವನ ತಕ್ಕಡಿ, ಹೆಡ್‌ಮಾಸ್ತರರ ಹೆಂಡತಿಯ ಬಾಯಿ, ಸೋರುವ ಸಾಲಿ, ಬೇಯದ ಬ್ಯಾಳಿ, ಎಲ್ಲ ಹೇಳಿದರು. ಖಾಲಾನ ಕೋಲಿಯನ್ನೂ ಬಿಡಲಿಲ್ಲ. ಖಾಲಾ ಪಕ್ಕದಲ್ಲೇ ಕೂತು, "ಹೌದ್ರಿ, ತವಾ ಆಗ್ತದ" ಅಂತ ಹೂಂಗುಟ್ಟಿದಳು. ಆ ಮನುಷ್ಯ ಚಹಾ ಆರುವುದನ್ನೂ ಮರೆತು ಕೇಳುತ್ತ ಕೂತಿದ್ದರು. ಅವರ ಮನೆಯಲ್ಲಿದ್ದ ದಿನಗಳಲ್ಲಿ ಈ ಹೆಂಗಸು ಇಷ್ಟು ಮಾತಾಡಿರಲಿಕ್ಕಿಲ್ಲ.

ಎಲ್ಲ ಮುಗಿದ ಮೇಲೆ ಅವರು ಮರುಕದಿಂದ, "ಅಷ್ಟು ತ್ರಾಸ ಇದ್ರ ಆಳಂದಕ್ಕ ವರ್ಗಾ ಮಾಡಿಸ್ಕೊಂಡು ಬಂದುಬಿಡ್ರಲ್ರಿ. ನನಗ ಗುರ್ತಿನವ್ರು ಇದ್ದಾರ, ಒಂದ್ ಮಾತ ಹೇಳ್ತೀನಿ" ಅಂದರು.

ಅಕ್ಕೋರು ಬೆಚ್ಚಿಬಿದ್ದವರಂತೆ ನೋಡಿದರು. "ಛೇ ಛೇ, ಹಂಗೇನ್ ಮಾಡಿಗೀಡೀರಿ! ಬೈದೆ, ಖರೇ. ಸೇರಂಗಿಲ್ಲ ಅಂದೆನೇನು?"

ಅವರು ಮೊದಲ ಸಲ ನಕ್ಕರು. ಹಲ್ಲು ಕಾಣದ ಸಣ್ಣ ನಗೆ. ಅಷ್ಟರಲ್ಲಿ ಬಸ್ಸು ಬಂತು. ಅವರು ರಸ್ತೆಗೆ ಓಡಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅಕ್ಕೋರು ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿದು, ನಮ್ಮಿಬ್ಬರನ್ನೂ ಮೊಣಕೈಯಿಂದ ನೂಕುತ್ತ ಹತ್ತಿದರು.

ಬಸ್ಸು ಹೊರಟ ಮೇಲೆ ಖಾಲಾ, "ಒಳ್ಳೇ ಮನಿಷಾ ಇದ್ದಾರ್ರಿ ಅಕ್ಕೋರೆ" ಅಂದಳು.

"ಭಾಳ ಒಳ್ಳ್ಯಾವ್ರು" ಅಂದರು ಅಕ್ಕೋರು. ಖಾಲಾನನ್ನು ಸರಿಸಿ ಕಿಟಕಿಯ ಪಕ್ಕ ಕೂತು, ಸೆರಗು ಹೊದ್ದುಕೊಂಡು, ಕಲಬುರಗಿ ಬರುವವರೆಗೂ ಗೊರಕೆ ಹೊಡೆದು ನಿದ್ದೆ ಮಾಡಿದರು.